ಪಿಟ್ಯುಟರಿಯ ಹಿಂಹಾಲೆಯಲ್ಲಿ: ಗ್ಲಿಯ ಕೋಶಗಳ ಮಾನಾಪಮಾನದ ಇತಿಹಾಸ

1912ರಲ್ಲಿ ಎರಿಕ್ ಫ್ರಾಂಕ್ ಎಂಬ ಜರ್ಮನ್ ವೈದ್ಯರು ಬರ್ಲಿನ್ನಿನ ವೈದ್ಯಕೀಯ ವಾರಪತ್ರಿಕೆಯೊಂದರಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ತನ್ನ ತಲೆಗೆ ತಾನೇ ಗುಂಡು ಹಾರಿಸಿಕೊಂಡೂ ಆ ಮನುಷ್ಯ ಸತ್ತಿರಲಿಲ್ಲ. ಆದರೆ ಅಲ್ಲಿಂದಾಚೆಗೆ ಅವನಿಗೆ ಹಿಂಗದ ಬಾಯಾರಿಕೆ ಹತ್ತಿಕೊಂಡಿತು. ಕುಡಿದ ನೀರೆಲ್ಲ ಸಿಹಿಯ ಲವಲೇಶವೂ ಇಲ್ಲದ ತೆಳುಮೂತ್ರವಾಗಿ ಹರಿದುಹೋಗತೊಡಗಿತು. ಎಕ್ಸ್‌ರೇ ಹಿಡಿದು ನೋಡಿದಾಗ, ಕಪಾಲದ ತಳದಲ್ಲಿ ಪಿಟ್ಯುಟರಿ ಗ್ರಂಥಿಗೆ ಆಸನವಾಗಿರುವ ಎಲುಬಿನ ಕುಳಿಯಲ್ಲಿ ಗುಂಡು ಸಿಕ್ಕಿಕೊಂಡಿದ್ದುದು ಕಂಡುಬಂದಿತು. ಪ್ರಾಣವನ್ನು ತೆಗೆಯಲಾರದೆ ಹೋದ ಆ ಸೀಸದ ತುಂಡು, ದೇಹದ ನೀರಿನ ಲೆಕ್ಕವನ್ನು ನೋಡಿಕೊಳ್ಳುವ ಸ್ಥಾನ ಯಾವುದೆಂಬುದನ್ನು ಮಾತ್ರ ತಪ್ಪದೆ ತೋರಿಸಿಕೊಟ್ಟಿತು.

ಆ ಗ್ರಂಥಿಯಾದರೋ ಪ್ರಾಯದ ಮನುಷ್ಯನಲ್ಲಿ ಸುಮಾರು ಅರ್ಧ ಗ್ರಾಮು ಮಾತ್ರ ತೂಗತಕ್ಕ ವಸ್ತು. ಅದು ಮಿದುಳಿನ ಕಫವನ್ನು ಮೂಗಿಗೆ ಸೋಸುವ ದ್ವಾರವೆಂದು ಪ್ರಾಚೀನ ವೈದ್ಯನಾದ ಗ್ಯಾಲೆನ್ ಬೋಧಿಸಿದ್ದನು. 1543ರಲ್ಲಿ ಶರೀರರಚನಾಶಾಸ್ತ್ರವನ್ನೇ ಹೊಸದಾಗಿ ಕಟ್ಟಿದ ವೆಸಾಲಿಯಸ್ ಕೂಡ ಈ ಒಂದು ವಿಷಯದಲ್ಲಿ ಗ್ಯಾಲೆನ್ನನ ಮಾತನ್ನು ಮೀರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಷ್ನೈಡರ್ ಮತ್ತು ಇಂಗ್ಲೆಂಡಿನ ರಿಚರ್ಡ್ ಲೋವರ್ ಆ ಕಲ್ಪನೆಯನ್ನು ಕೆಡವಿದ ಮೇಲೆ, ಅದರ ಸ್ಥಾನದಲ್ಲಿ ನಿಲ್ಲಿಸಲು ಬೇರೊಂದು ಕಲ್ಪನೆಯಿಲ್ಲದೆ, ಗ್ರಂಥಿಯು ಎರಡು ಶತಮಾನಗಳಿಗೂ ಮಿಕ್ಕಿ ನಿರುದ್ಯೋಗಿಯಾಗಿ ಉಳಿಯಿತು.

1895ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಷೇಫರ್ ಪಿಟ್ಯುಟರಿಯ ಸಾರವನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿ, ರಕ್ತದೊತ್ತಡವು ಏರುವುದನ್ನು ಕಂಡರು. ಆ ಗುಣವು ಗ್ರಂಥಿಯ ಹಿಂಭಾಗಕ್ಕೆ, ಅಂದರೆ ಹಿಂಹಾಲೆಗೆ, ಮಾತ್ರ ಸೇರಿದ್ದೆಂದು 1898ರಲ್ಲಿ ಅಮೆರಿಕದ ವಿಲಿಯಂ ಹೋವೆಲ್ ತೋರಿಸಿದರು. ಅದೇ ಸಾರವು ಗರ್ಭಕೋಶವನ್ನು ಸಂಕೋಚಗೊಳಿಸುವುದೆಂದು 1906ರಲ್ಲಿ ಹೆನ್ರಿ ಡೇಲ್ ವರದಿಮಾಡಿದರು. ನೀರಿನ ವಿಷಯದಲ್ಲಾದರೋ ಮೊದಲ ಹೆಜ್ಜೆಯೇ ತಪ್ಪುದಾರಿಗೆ ಬಿದ್ದಿತು. 1901ರಲ್ಲಿ ಮ್ಯಾಗ್ನಸ್ ಮತ್ತು ಷೇಫರ್, ಅರಿವಳಿಕೆ ಕೊಟ್ಟ ಪ್ರಾಣಿಗಳಲ್ಲಿ ಈ ಸಾರದಿಂದ ಮೂತ್ರವು ಹೆಚ್ಚುವುದನ್ನು ಕಂಡು, ಇದು ಮೂತ್ರವರ್ಧಕವೆಂದು ತೀರ್ಮಾನಿಸಿದರು. ಹನ್ನೆರಡು ವರ್ಷಗಳ ತರುವಾಯ, 1913ರಲ್ಲಿ, ಇಟಲಿಯ ಫಾರಿನಿ ಮತ್ತು ಜರ್ಮನಿಯ ಫಾನ್ ಡೆನ್ ಫೆಲ್ಡೆನ್ ಪರಸ್ಪರ ಸಂಬಂಧವಿಲ್ಲದೆಯೇ ಬಹುಮೂತ್ರದ ರೋಗಿಗಳಿಗೆ ಹಿಂಹಾಲೆಯ ಸಾರವನ್ನು ಚುಚ್ಚಿ, ಮೂತ್ರದ ಪ್ರವಾಹವು ಇಳಿಮುಖವಾದುದನ್ನೂ ರೋಗಿಯ ದಾಹವು ಶಮನವಾದುದನ್ನೂ ಪ್ರಕಟಿಸಿದಾಗ, ಶಾಸ್ತ್ರವು ತನ್ನ ಮಾತನ್ನು ತಲೆಕೆಳಗು ಮಾಡಿ ಹೇಳಬೇಕಾಯಿತು.

ಮನುಷ್ಯನ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದುದನ್ನೆಲ್ಲ ಮರಳಿ ಹೀರಿಕೊಳ್ಳುತ್ತವೆ. ಈ ಮರುಹೀರಿಕೆಯ ಕೊನೆಯ ಪಾಲಿಗೆ ಪಿಟ್ಯುಟರಿಯ ಅಪ್ಪಣೆ ಬೇಕು. 1920ರ ದಶಕದಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಮತ್ತು ವರ್ನಿ, ನಾಯಿಯ ಮೂತ್ರಪಿಂಡವನ್ನು ದೇಹದಿಂದ ಬೇರ್ಪಡಿಸಿ, ಹೃದಯ ಮತ್ತು ಶ್ವಾಸಕೋಶಗಳ ನೆರವಿನಿಂದ ಅದರಲ್ಲಿ ರಕ್ತವನ್ನು ಹರಿಯಿಸಿ ನೋಡಿದಾಗ, ಆ ಒಂಟಿ ಮೂತ್ರಪಿಂಡವು ತಡೆಯಿಲ್ಲದೆ ತೆಳುಮೂತ್ರವನ್ನು ಸುರಿಸುತ್ತಿತ್ತು. ಹಿಂಹಾಲೆಯ ಸಾರವನ್ನು ಬೆರೆಸಿದೊಡನೆ ಮೂತ್ರವು ಕಡಮೆಯಾಗಿ ಗಾಢವಾಯಿತು. ಹೀಗೆ ನೀರನ್ನು ಉಳಿಸುವ ಹಾರ್ಮೋನು ಒಂದಿದೆಯೆಂಬುದೂ, ಅದು ಹಿಂಹಾಲೆಯಿಂದ ಬರುತ್ತದೆಂಬುದೂ ಸಿದ್ಧವಾಯಿತು. ಆದರೆ ಹಿಂಹಾಲೆಯಲ್ಲಿ ಅದನ್ನು ತಯಾರಿಸತಕ್ಕ ಕೋಶ ಯಾವುದು?

ಈ ಪ್ರಶ್ನೆಯೇ ಗ್ಲಿಯ ಕೋಶಗಳನ್ನು ರಂಗದ ಮೇಲೆ ತಂದಿತು. ನರಮಂಡಲದಲ್ಲಿ ನರಕೋಶಗಳ ನಡುನಡುವೆ ತುಂಬಿಕೊಂಡಿರುವ ಈ ಇತರ ಕೋಶಗಳನ್ನು ಬರ್ಲಿನ್ನಿನ ರೂಡಾಲ್ಫ್ ಫಿರ್ಕೋ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ, ನರಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿಯುವ ಗಾರೆಯೆಂದು ವರ್ಣಿಸಿದ್ದರು. ಸ್ಪೇನಿನ ರಮೋನ್ ಇ ಕಹಾಲ್ 1894ರಲ್ಲಿ, ಮಿದುಳಿನಿಂದ ಹೊರಟ ನರತಂತುಗಳ ಕಂತೆಯೊಂದು ಪಿಟ್ಯುಟರಿಯ ಹಿಂಹಾಲೆಗೆ ಇಳಿಯುವುದನ್ನು ಕಂಡರಾದರೂ, ಅಲ್ಲಿ ನರಕೋಶಗಳ ಒಡಲು ಒಂದೂ ಕಾಣಲಿಲ್ಲ. ಮುಂಹಾಲೆಯು ಸ್ಪಷ್ಟವಾದ ಗ್ರಂಥಿಕೋಶಗಳಿಂದ ಕೂಡಿದ್ದರೆ, ಹಿಂಹಾಲೆಯಲ್ಲಿ ಇದ್ದುದು ನರತಂತುಗಳ ತುದಿಗಳು, ಲೋಮನಾಳಗಳು ಮತ್ತು ಗ್ಲಿಯ ಜಾತಿಗೆ ಸೇರಿದ ಕೋಶಗಳು, ಇಷ್ಟೆ. 1930ರಲ್ಲಿ ಅಮೆರಿಕದ ಪಾಲ್ ಬ್ಯೂಸಿ ದನದ ಪಿಟ್ಯುಟರಿಯನ್ನು ಪರೀಕ್ಷಿಸಿ ಆ ಕೋಶಗಳಿಗೆ ಪಿಟ್ಯುಸೈಟ್ ಎಂಬ ಹೆಸರನ್ನು ಕೊಟ್ಟರು. ನರತಂತು ಸಂದೇಶವನ್ನು ಒಯ್ಯುವುದೇ ಹೊರತು ಹಾರ್ಮೋನನ್ನು ತಯಾರಿಸದು ಎಂಬುದು ಅಂದಿನ ನಂಬಿಕೆ. ಲೋಮನಾಳವು ಬರಿಯ ಮಾರ್ಗ. ಆದ್ದರಿಂದ ಉಳಿದುದು ಪಿಟ್ಯುಸೈಟೇ ಎಂಬ ಪಾರಿಶೇಷ ನ್ಯಾಯದಲ್ಲಿ ಮೇಲುನೋಟಕ್ಕೆ ಯಾವ ದೋಷವೂ ಕಾಣುವಂತಿರಲಿಲ್ಲ. 1939ರಲ್ಲಿ ಐಸಿಡೋರ್ ಗರ್ಷ್ ಇಲಿಯ ಹಿಂಹಾಲೆಯ ಈ ಕೋಶಗಳನ್ನು ಗ್ರಂಥಿಕೋಶಗಳೆಂದೇ ಕರೆದು ವಿಸ್ತಾರವಾದ ಪ್ರಬಂಧವನ್ನು ಬರೆದರು. ಗಾರೆಯೆನಿಸಿದ್ದುದು ಗ್ರಂಥಿಯ ಪದವಿಗೆ ಏರಿತು.

ಪೂರ್ವಗ್ರಹವು ಒಮ್ಮೆ ಬೇರೂರಿದರೆ ವಿರುದ್ಧವಾದ ಸಾಕ್ಷ್ಯವೂ ಅನುಕೂಲವಾಗಿಯೇ ತೋರುತ್ತದೆಂಬುದಕ್ಕೆ ಈ ಕಾಲದ ಒಂದು ಪ್ರಯೋಗವೇ ನಿದರ್ಶನ. 1938ರಲ್ಲಿ ಅಮೆರಿಕದ ಫಿಷರ್, ಇಂಗ್ರಾಂ ಮತ್ತು ರಾನ್ಸನ್, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ಹಿಂಹಾಲೆಗೆ ಇಳಿಯುವ ನರತಂತುಗಳ ಕಂತೆಯನ್ನು ಬೆಕ್ಕುಗಳಲ್ಲಿ ಕತ್ತರಿಸಿ, ಬಹುಮೂತ್ರವನ್ನು ಉಂಟುಮಾಡಿದರು. ಇಂದು ನಮಗೆ ಇದರ ಅರ್ಥ ಸರಳವಾಗಿ ಕಾಣುತ್ತದೆ: ಹಾರ್ಮೋನು ಬರುವ ದಾರಿಯೇ ಕಡಿದುಹೋಯಿತು. ಆದರೆ ಅಂದಿನವರು ಅದನ್ನು ಓದಿಕೊಂಡ ಬಗೆಯೇ ಬೇರೆ: ಗ್ರಂಥಿಕೋಶಗಳಿಗೆ ಆಜ್ಞೆಯನ್ನು ತರುವ ನರವು ಹೋದುದರಿಂದ ಅವು ಕೆಲಸವನ್ನು ನಿಲ್ಲಿಸಿ ಕ್ಷಯಿಸಿದವು ಎಂದು.

ಇದಕ್ಕೆ ಹತ್ತು ವರ್ಷಗಳ ಹಿಂದೆಯೇ, 1928ರಲ್ಲಿ, ಮ್ಯೂನಿಕ್ಕಿನ ಎರ್ನ್ಸ್ಟ್ ಶಾರರ್ ಎಂಬ ತರುಣ ವಿದ್ವಾಂಸರು ಒಂದು ಸಣ್ಣ ಹೊಳೆಮೀನಿನ ಮಿದುಳಿನಲ್ಲಿ, ಗ್ರಂಥಿಕೋಶಗಳಂತೆ ಸ್ರಾವದ ಬಿಂದುಗಳಿಂದ ತುಂಬಿದ ನರಕೋಶಗಳನ್ನು ಕಂಡು, ನರಕೋಶವೂ ಹಾರ್ಮೋನನ್ನು ಸ್ರವಿಸಬಲ್ಲದೆಂದು ಸಾರಿದ್ದರು. ಅವರ ಪತ್ನಿ ಬರ್ಟಾ ಶಾರರ್ ಅಂಥವೇ ಕೋಶಗಳನ್ನು ಜಿರಳೆ ಮೊದಲಾದ ಅಕಶೇರುಕಗಳಲ್ಲಿ ಹುಡುಕಿ ತೆಗೆದರು. 1937ರಲ್ಲಿ ದಂಪತಿಗಳು ನಾಟ್ಸಿ ಜರ್ಮನಿಯನ್ನು ತೊರೆದು ಅಮೆರಿಕಕ್ಕೆ ಹೋದರು. ಅಲ್ಲಿ ಬರ್ಟಾ ಅವರು ಬಹುಕಾಲ ವೇತನವಿಲ್ಲದೆ, ಹುದ್ದೆಯಿಲ್ಲದೆ ದುಡಿದರು. ದಂಪತಿಗಳ ಮಾತನ್ನು ಒಪ್ಪುವವರು ವಿರಳವಾಗಿದ್ದರು. ನರಕೋಶವು ವಿದ್ಯುತ್ಸಂಕೇತದ ಯಂತ್ರವೆಂಬ ಭಾವನೆ ಅಷ್ಟು ದೃಢವಾಗಿತ್ತು.

ಈ ವಾದವು ಇತ್ಯರ್ಥವಾದುದು ಒಂದು ಬಣ್ಣದಿಂದ. ಮೇದೋಜೀರಕದ ದ್ವೀಪಕೋಶಗಳಿಗಾಗಿ ಗೊಮೊರಿ ಎಂಬವರು ರೂಪಿಸಿದ್ದ ಕ್ರೋಮ್ ಆಲಂ ಹೆಮಟಾಕ್ಸಿಲಿನ್ ಎಂಬ ರಂಜಕವನ್ನು ಕೀಲ್ ನಗರದ ವೋಲ್ಫ್‌ಗಾಂಗ್ ಬಾರ್ಗ್‌ಮನ್ 1949ರಲ್ಲಿ ಮಿದುಳಿನ ತೆಳುಪೊರೆಗಳಿಗೆ ಹಾಕಿದರು. ಹೈಪೊಥಲಾಮಸ್ಸಿನ ದೊಡ್ಡ ನರಕೋಶಗಳ ಒಡಲಿನಲ್ಲಿ ಕಡುನೀಲಿಯ ಕಣಗಳು ಮೂಡಿದವು; ಅದೇ ನೀಲಿಯು ತಂತುಗಳುದ್ದಕ್ಕೂ ಮಣಿ ಪೋಣಿಸಿದ ಹಾಗೆ ಕೆಳಕ್ಕಿಳಿದು, ಪಿಟ್ಯುಟರಿಯ ತೊಟ್ಟನ್ನು ಹಾದು, ಹಿಂಹಾಲೆಯ ಲೋಮನಾಳಗಳ ಬಳಿಯಲ್ಲಿ ದಟ್ಟವಾಗಿ ನಿಂತಿತ್ತು. ಪರ್ಸಿ ಹೆರಿಂಗ್ 1908ರಲ್ಲಿಯೇ ಹಿಂಹಾಲೆಯಲ್ಲಿ ಕಂಡು ವರ್ಣಿಸಿದ್ದ ಗುಂಡು ಗುಂಡಾದ ಪಿಂಡಗಳು ಬೇರೇನೂ ಅಲ್ಲದೆ, ಈ ಸ್ರಾವದಿಂದ ಉಬ್ಬಿದ ತಂತುಭಾಗಗಳೇ ಆಗಿದ್ದವು. ತೊಟ್ಟನ್ನು ಕತ್ತರಿಸಿದರೆ ನೀಲಿಯು ಮಿದುಳಿನ ಕಡೆಯಲ್ಲಿ ಒಟ್ಟಾಗಿ, ಆಚೆಯ ಕಡೆಯಲ್ಲಿ ಬರಿದಾಯಿತು. 1951ರಲ್ಲಿ ಬಾರ್ಗ್‌ಮನ್ ಮತ್ತು ಎರ್ನ್ಸ್ಟ್ ಶಾರರ್ ಜತೆಗೂಡಿ ಬರೆದ ಲೇಖನದಲ್ಲಿ, ಹಿಂಹಾಲೆಯ ಹಾರ್ಮೋನುಗಳು ಹುಟ್ಟುವುದು ಹೈಪೊಥಲಾಮಸ್ಸಿನ ನರಕೋಶಗಳಲ್ಲಿ, ಹಿಂಹಾಲೆಯು ಅವುಗಳ ಉಗ್ರಾಣ ಮಾತ್ರ, ಎಂದು ತೀರ್ಪಿತ್ತರು. ಕೆಲವೇ ವರ್ಷಗಳಲ್ಲಿ ವಿನ್ಸೆಂಟ್ ಡು ವಿನ್ಯೋ ಆ ಎರಡು ಹಾರ್ಮೋನುಗಳು, ನೀರನ್ನುಳಿಸುವ ವ್ಯಾಸೊಪ್ರೆಸಿನ್ ಮತ್ತು ಗರ್ಭಕೋಶವನ್ನೂ ಸ್ತನವನ್ನೂ ಪ್ರಚೋದಿಸುವ ಆಕ್ಸಿಟೋಸಿನ್, ತಲಾ ಒಂಬತ್ತು ಅಮೈನೋ ಆಮ್ಲಗಳ ಕಿರುಸರಪಣಿಗಳೆಂದು ತೋರಿಸಿ, ಪ್ರಯೋಗಶಾಲೆಯಲ್ಲಿ ಅವನ್ನು ಸಂಶ್ಲೇಷಿಸಿ, 1955ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು.

ಹಾರ್ಮೋನು ಎಲ್ಲಿ ಹುಟ್ಟುತ್ತದೆಂಬುದು ತಿಳಿಯಿತು. ಯಾವಾಗ ಬಿಡುಗಡೆಯಾಗಬೇಕೆಂಬುದನ್ನು ನಿರ್ಣಯಿಸುವವರು ಯಾರೆಂಬುದನ್ನು ಕೆಂಬ್ರಿಜ್‌ಗೆ ಬಂದು ನೆಲಸಿದ್ದ ವರ್ನಿ ಶೋಧಿಸುತ್ತಿದ್ದರು. ನಾಯಿಗಳಿಗೆ ಅಲುಗದೆ ನಿಲ್ಲುವ ಅಭ್ಯಾಸವನ್ನು ಮಾಡಿಸಿ, ಕತ್ತಿನ ಪ್ರಧಾನ ಅಪಧಮನಿಯನ್ನು ಚರ್ಮದ ಮಡಿಕೆಯೊಳಗೆ ಹೊರತಂದು, ಪ್ರಾಣಿಗೆ ನೋವಿನ ಅರಿವಾಗದಂತೆ ಮಿದುಳಿಗೆ ಹೋಗುವ ರಕ್ತಕ್ಕೆ ಉಪ್ಪಿನ ದ್ರಾವಣವನ್ನು ಸೇರಿಸುವ ವ್ಯವಸ್ಥೆಯನ್ನು ಅವರು ಮಾಡಿಕೊಂಡರು. ಹೊಟ್ಟೆತುಂಬ ನೀರು ಕುಡಿದು ಧಾರಾಳವಾಗಿ ಮೂತ್ರವನ್ನು ಬಿಡುತ್ತಿದ್ದ ನಾಯಿಯಲ್ಲಿ, ಆ ರಕ್ತದ ಅಭಿಸರಣ ಒತ್ತಡವು ಶೇಕಡ 2ರಷ್ಟು ಏರಿದರೂ ಸಾಕು, ಮೂತ್ರದ ಹರಿವು ಕುಗ್ಗಿಬಿಡುತ್ತಿತ್ತು. ಹಿಂಹಾಲೆಯನ್ನು ತೆಗೆದುಹಾಕಿದ ನಾಯಿಯಲ್ಲಿ ಆ ಪ್ರತಿಕ್ರಿಯೆಯು ಬಹುಮಟ್ಟಿಗೆ ಹೋಯಿತು. 1947ರಲ್ಲಿ ರಾಯಲ್ ಸೊಸೈಟಿಯ ಕ್ರೂನಿಯನ್ ಉಪನ್ಯಾಸದಲ್ಲಿ ವರ್ನಿ, ಮಿದುಳಿನಲ್ಲಿ ರಕ್ತದ ಗಾಢತೆಯನ್ನು ಅಳೆಯುವ ಗ್ರಾಹಕಗಳಿವೆಯೆಂದು ಪ್ರತಿಪಾದಿಸಿದರು. ಮುಂದೆ ಬಂದವರು ಈ ಗ್ರಾಹಕವನ್ನು ನರಕೋಶದಲ್ಲಿಯೇ ಹುಡುಕಿದರು, ಕಂಡೂ ಕಂಡರು: ರಕ್ತವು ಗಾಢವಾದಾಗ ಹೈಪೊಥಲಾಮಸ್ಸಿನ ಆ ದೊಡ್ಡ ನರಕೋಶವು ನೀರನ್ನು ಕಳೆದುಕೊಂಡು ಕುಗ್ಗಿ, ಆ ಕುಗ್ಗುವಿಕೆಯಿಂದಲೇ ಉದ್ರೇಕಗೊಳ್ಳುತ್ತದೆ. ಅಳೆಯುವವನೂ ತಯಾರಿಸುವವನೂ ಬಿಡುಗಡೆಮಾಡುವವನೂ ನರಕೋಶವೇ ಎಂದಾದ ಮೇಲೆ, ಪಿಟ್ಯುಸೈಟಿಗೆ ಹಳೆಯ ಗಾರೆಯ ಪದವಿಯಲ್ಲದೆ ಬೇರೆ ಗತಿಯಿರಲಿಲ್ಲ. ಹಿಂಹಾಲೆಯ ಗಾತ್ರದಲ್ಲಿ ಕಾಲು ಭಾಗದಷ್ಟನ್ನು ಆಕ್ರಮಿಸಿಕೊಂಡಿರುವ ಕೋಶಗಳು ಅಲ್ಲಿ ಏಕಿವೆಯೆಂದು ಕೇಳುವವರೇ ಇಲ್ಲದಂತಾಯಿತು.

ಈ ಮೌನವನ್ನು ಮುರಿದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1970ರ ದಶಕದ ಮಧ್ಯದಿಂದ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಗ್ಲೆನ್ ಹ್ಯಾಟನ್ ಮತ್ತು ಚಾರ್ಲ್ಸ್ ಟ್ವೀಡಲ್ ಇಲಿಗಳಿಗೆ ಕುಡಿಯುವ ನೀರನ್ನು ತಡೆದು, ಅನಂತರ ಅವುಗಳ ಹೈಪೊಥಲಾಮಸ್ಸನ್ನೂ ಹಿಂಹಾಲೆಯನ್ನೂ ಸಾವಿರಾರು ಪಟ್ಟು ಹಿಗ್ಗಿಸಿ ನೋಡಿದರು. ನೀರು ಕುಡಿದು ತೃಪ್ತವಾದ ಇಲಿಯಲ್ಲಿ ಪಿಟ್ಯುಸೈಟ್ ತನ್ನ ಅಗಲವಾದ ಚಾಚುಗಳಿಂದ ನರತಂತುಗಳ ತುದಿಗಳನ್ನು ಬಳಸಿ ಹಿಡಿದಿರುತ್ತದೆ. ಕೆಲವು ತುದಿಗಳನ್ನು ತನ್ನ ಒಡಲಿನೊಳಕ್ಕೇ ನುಂಗಿಕೊಂಡಂತೆ ಕಾಣುತ್ತದೆ. ಲೋಮನಾಳದ ಹೊರಪೊರೆಗೂ ನರತುದಿಗೂ ನಡುವೆ ತನ್ನ ಪಾದಗಳನ್ನು ತೂರಿಸಿ ನಿಂತಿರುತ್ತದೆ. ಬಾಯಾರಿದ ಇಲಿಯಲ್ಲಿ ಈ ಚಿತ್ರವೇ ಬೇರೆ. ಪಿಟ್ಯುಸೈಟ್ ತನ್ನ ಚಾಚುಗಳನ್ನು ಹಿಂದಕ್ಕೆಳೆದುಕೊಂಡು ಕೃಶವಾಗುತ್ತದೆ, ಒಳಗೆ ಹಿಡಿದ ತುದಿಗಳನ್ನು ಬಿಟ್ಟುಕೊಡುತ್ತದೆ. ತೆರವಾದ ಸ್ಥಳದಲ್ಲಿ ನರತುದಿಗಳು ಮುಂದೊತ್ತಿ ಲೋಮನಾಳದ ಪೊರೆಯನ್ನು ನೇರವಾಗಿ ಮುಟ್ಟುತ್ತವೆ. ಮತ್ತೆ ನೀರು ಕೊಟ್ಟರೆ ಪಿಟ್ಯುಸೈಟ್ ಮರಳಿ ತನ್ನ ಹಳೆಯ ಆಕಾರಕ್ಕೆ ಬಂದು ನಿಲ್ಲುತ್ತದೆ. ಪ್ರಾಯದ ಪ್ರಾಣಿಯ ಮಿದುಳಿನ ರಚನೆಯು ಸ್ಥಿರವೆಂದು ನಂಬಿದ್ದ ಕಾಲದಲ್ಲಿ, ಅಲ್ಪಾವಧಿಯಲ್ಲಿ ಬದಲಾಗಿ ಅಷ್ಟೇ ಸುಲಭವಾಗಿ ಪೂರ್ವಸ್ಥಿತಿಗೆ ಬರುವ ಈ ರಚನೆಯು ಅಪೂರ್ವವಾದ ಸಂಗತಿಯಾಗಿತ್ತು.

ನಮ್ಮ ಹಳ್ಳಿಗಳ ಕೆರೆಯ ನೀರುಗಂಟಿಯು ನೀರನ್ನು ಸೃಷ್ಟಿಸುವವನೂ ಅಲ್ಲ, ಗದ್ದೆಯನ್ನು ಉಳುವವನೂ ಅಲ್ಲ. ಆದರೂ ಅವನು ತೂಬಿನ ಬಳಿ ನಿಂತಿದ್ದಾನೆಯೋ ಸರಿದಿದ್ದಾನೆಯೋ ಎಂಬುದರ ಮೇಲೆ ಗದ್ದೆಯ ಗತಿ ನಿಂತಿರುತ್ತದೆ. ಪಿಟ್ಯುಸೈಟಿನ ಉದ್ಯೋಗವು ಈ ಜಾತಿಯದು. ಅದು ಬರಿಯ ತಡೆಯೂ ಅಲ್ಲವೆಂಬುದು ಮುಂದಿನ ಪ್ರಯೋಗಗಳಿಂದ ತಿಳಿಯಿತು. ಹಿಂಹಾಲೆಯನ್ನು ದೇಹದಿಂದ ಹೊರತೆಗೆದು ಗಾಢವಾದ ದ್ರಾವಣದಲ್ಲಿ ಇಟ್ಟರೂ ಪಿಟ್ಯುಸೈಟ್ ಹಿಂದೆ ಸರಿಯುತ್ತದೆಂದು 1984ರ ಹೊತ್ತಿಗೆ ಹ್ಯಾಟನ್ನರ ಬಳಗವು ತೋರಿಸಿತು. ಮಿದುಳಿನ ಆಜ್ಞೆಯಿಲ್ಲದೆ, ತನ್ನ ಸುತ್ತಣ ದ್ರವದ ಸ್ಥಿತಿಯನ್ನು ತಾನೇ ಅರಿತು ನಡೆದುಕೊಳ್ಳುವ ಶಕ್ತಿ ಆ ಅಂಗಾಂಶಕ್ಕೆ ಇತ್ತೆಂದಾಯಿತು. ನಾರಡ್ರಿನಲಿನ್ ಎಂಬ ನರಸಂದೇಶಕದ ಬೀಟಾ ಗ್ರಾಹಕಗಳನ್ನು ಉದ್ರೇಕಿಸಿದರೂ ಇದೇ ಪರಿಣಾಮವೆಂದು 1990ರಲ್ಲಿ ಪ್ರಕಟವಾಯಿತು.

ಇದೇ ಅವಧಿಯಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಡಯೊನೀಸಿಯಾ ಥಿಯೊಡೋಸಿಸ್ ಮತ್ತು ಡೊಮಿನಿಕ್ ಪೂಲೇನ್, ಬಾಯಾರಿಕೆಯನ್ನು ಬಿಟ್ಟು ಬಾಣಂತನದ ಕಡೆಯಿಂದ ಈ ವಿಷಯವನ್ನು ಹಿಡಿದಿದ್ದರು. ಮರಿಗಳು ಮೊಲೆಯುಣ್ಣುತ್ತಿರುವಾಗ ತಾಯಿಯಿಲಿಯ ಆಕ್ಸಿಟೋಸಿನ್ ನರಕೋಶಗಳು ಕೆಲವು ನಿಮಿಷಗಳಿಗೊಮ್ಮೆ ಎಲ್ಲವೂ ಏಕಕಾಲದಲ್ಲಿ ಸ್ಫೋಟಿಸಿದಂತೆ ಸಂಕೇತಗಳನ್ನು ಸುರಿಸಿ, ಹಾರ್ಮೋನು ಒಮ್ಮೆಗೇ ಹೊರಬಿದ್ದು ಹಾಲು ಚಿಮ್ಮುತ್ತದೆಂಬುದು 1970ರ ದಶಕದಲ್ಲಿಯೇ ಗೊತ್ತಾಗಿತ್ತು. 1981ರಲ್ಲಿ ಬೋರ್ಡೋದ ತಂಡವು, ಹಾಲೂಡುವ ಇಲಿಯ ಹೈಪೊಥಲಾಮಸ್ಸಿನ ಸುಪ್ರಾಆಪ್ಟಿಕ್ ನರಕೇಂದ್ರದಲ್ಲಿ ನಕ್ಷತ್ರಾಕಾರದ ಗ್ಲಿಯ ಕೋಶಗಳಾದ ಆಸ್ಟ್ರೊಸೈಟ್‌ಗಳ ತೆರೆಗಳು ಸರಿದು, ಆಕ್ಸಿಟೋಸಿನ್ ಕೋಶಗಳು ಒಂದಕ್ಕೊಂದು ನೇರವಾಗಿ ಒತ್ತಿಕೊಂಡಿರುವುದನ್ನೂ, ಒಂದೇ ನರತುದಿಯು ಎರಡು ಕೋಶಗಳಿಗೆ ಏಕಕಾಲದಲ್ಲಿ ಸಂದೇಶವನ್ನು ಕೊಡುವಂತಾಗಿರುವುದನ್ನೂ ಕಂಡು, ಆ ಏಕತಾಳಕ್ಕೆ ಇದೇ ಆಧಾರವಾಗಿರಬಹುದೆಂದು ಸೂಚಿಸಿತು. ಮರಿಗಳು ಹಾಲು ಬಿಟ್ಟ ಮೇಲೆ ಗ್ಲಿಯದ ತೆರೆ ಮರಳಿ ಮುಚ್ಚಿಕೊಳ್ಳುತ್ತದೆ.

ತೆರೆ ಸರಿದರೆ ಒಳಗೆ ಆಗುವುದೇನು? ಗ್ಲಿಯ ಕೋಶವು ನರತುದಿಗಳಿಂದ ಹೊರಬಿದ್ದ ಗ್ಲುಟಮೇಟ್ ಎಂಬ ನರಸಂದೇಶಕವನ್ನು ಗುಡಿಸಿ ತೆಗೆಯುವ ಕೋಶ. ಅದು ದೂರವಾದಾಗ ಗ್ಲುಟಮೇಟ್ ಹೆಚ್ಚುಕಾಲ ನಿಂತು, ತನ್ನನ್ನು ಬಿಟ್ಟ ತುದಿಗೇ ಹಿಂದಿರುಗಿ ಮುಂದಿನ ಬಿಡುಗಡೆಯನ್ನು ಹತೋಟಿಗೆ ತರುತ್ತದೆಂದು 2001ರಲ್ಲಿ ಬೋರ್ಡೋದ ಓಲಿಯೇ ಮತ್ತು ಸಂಗಡಿಗರು ತೋರಿಸಿದರು. ಕೆಲವು ಗ್ರಾಹಕಗಳು ತೆರೆದುಕೊಳ್ಳುವುದಕ್ಕೆ ಬೇಕಾದ ಡಿ-ಸೆರೀನ್ ಎಂಬ ಪದಾರ್ಥವನ್ನು ಒದಗಿಸುವುದೂ ಗ್ಲಿಯವೇ ಎಂದು 2006ರಲ್ಲಿ ಅದೇ ನಗರದಿಂದ ತಿಳಿದುಬಂದಿತು. ಆದ್ದರಿಂದ ಗ್ಲಿಯವು ಸರಿದರೆ ಬಿಡುಗಡೆ ಹೆಚ್ಚು, ಮುಚ್ಚಿದರೆ ಕಡಮೆ ಎಂಬ ಸರಳಸೂತ್ರಕ್ಕೆ ಈ ಸಂಗತಿಗಳು ಬಗ್ಗುವುದಿಲ್ಲ. ಗ್ಲಿಯದ ಸಾಮೀಪ್ಯವು ಒಂದು ಕಡೆ ಹೆಚ್ಚಿಸುವುದನ್ನು ಇನ್ನೊಂದು ಕಡೆ ತಗ್ಗಿಸಿ, ಒಟ್ಟಿನಲ್ಲಿ ಹದವನ್ನು ನಿರ್ಧರಿಸುತ್ತದೆ.

ನೀರಿನ ಲೆಕ್ಕದಲ್ಲಿ ಗ್ಲಿಯಕ್ಕೆ ನೇರವಾದ ಪಾಲುಂಟೆಂಬುದನ್ನು ಫ್ರಾನ್ಸಿನ ಮಾಂಪೆಲಿಯೆಯಲ್ಲಿ ನಿಕೊಲಾ ಹುಸ್ಸಿ ಮತ್ತು ಸಹೋದ್ಯೋಗಿಗಳು 1997ರಲ್ಲಿಯೂ 1998ರಲ್ಲಿಯೂ ಹೊರತಂದ ಶೋಧನೆಗಳು ಸ್ಪಷ್ಟಪಡಿಸಿದವು. ರಕ್ತವು ತೆಳುವಾದಾಗ ನೀರನ್ನು ಹೀರಿ ಉಬ್ಬುವ ಗ್ಲಿಯ ಕೋಶವು ತನ್ನಲ್ಲಿ ಸಂಗ್ರಹವಾಗಿರುವ ಟಾರೀನ್ ಎಂಬ ಅಮೈನೋ ಆಮ್ಲವನ್ನು ಹೊರಕ್ಕೆ ಬಿಡುತ್ತದೆ. ಆ ಟಾರೀನು ಪಕ್ಕದ ನರಕೋಶದ ಗ್ಲೈಸೀನ್ ಗ್ರಾಹಕಗಳ ಮೇಲೆ ಕುಳಿತು ಅದನ್ನು ಸುಮ್ಮನಾಗಿಸುತ್ತದೆ. ವ್ಯಾಸೊಪ್ರೆಸಿನ್ ನಿಲ್ಲುತ್ತದೆ, ಮೂತ್ರಪಿಂಡವು ಹೆಚ್ಚಿನ ನೀರನ್ನು ಹೊರಹಾಕುತ್ತದೆ. ರಕ್ತವು ಗಾಢವಾದಾಗ ಟಾರೀನಿನ ಈ ಒಸರು ಕಡಮೆಯಾಗಿ ನರಕೋಶಕ್ಕೆ ಬಿಡುವು ಸಿಕ್ಕುತ್ತದೆ. ನೀರು ಒಳಹೊರಗಾಗುವುದಕ್ಕೆ ಗ್ಲಿಯದ ಪೊರೆಯಲ್ಲಿ ವಿಶೇಷವಾದ ಕಾಲುವೆಗಳೂ ಇವೆ. ಪೀಟರ್ ಆಗ್ರೆ ಅವರ ಪ್ರಯೋಗಶಾಲೆಯು 1994ರಲ್ಲಿ ಇಲಿಯ ಮಿದುಳಿನಲ್ಲಿ ಗುರುತಿಸಿದ ಅಕ್ವಾಪೊರಿನ್-4 ಎಂಬ ಜಲದ್ವಾರವು ನರಕೋಶಗಳಲ್ಲಲ್ಲ, ಗ್ಲಿಯ ಕೋಶಗಳ ಪೊರೆಯಲ್ಲಿ, ಅದರಲ್ಲಿಯೂ ರಕ್ತನಾಳಗಳ ಕಡೆಗೆ ತಿರುಗಿದ ಪಾದಗಳಲ್ಲಿ, ಕಿಕ್ಕಿರಿದಿದೆ.

ಹೀಗಾಗಿ ಪಿಟ್ಯುಸೈಟ್ ಹಾರ್ಮೋನನ್ನು ತಯಾರಿಸುತ್ತದೆಂದವರೂ ತಪ್ಪಿದರು, ಅದು ಏನನ್ನೂ ಮಾಡುವುದಿಲ್ಲವೆಂದವರೂ ತಪ್ಪಿದರು. ಎರಡು ಪಕ್ಷದವರ ತಪ್ಪಿಗೂ ಬೇರು ಒಂದೇ. ಹಾರ್ಮೋನನ್ನು ಮಾಡುವವರು ಯಾರೆಂಬ ಒಂದೇ ಪ್ರಶ್ನೆಯನ್ನು ಇಬ್ಬರೂ ಕೇಳಿದರು. ಅದು ಎಷ್ಟು, ಎಂದು, ಯಾವ ಹದದಲ್ಲಿ ಹೊರಬರತಕ್ಕದ್ದೆಂಬುದರಲ್ಲಿ ಸುತ್ತಣವರಿಗೆ ಪಾತ್ರವಿರಬಹುದೆಂದು ಯೋಚಿಸಲಿಲ್ಲ. ಉತ್ಪಾದಕನ ಹೆಸರು ಒಮ್ಮೆ ಪತ್ತೆಯಾದ ಮೇಲೆ ಉಳಿದವರೆಲ್ಲ ನಿರ್ಗುಣರೆಂದು ಭಾವಿಸುವ ಈ ಅಭ್ಯಾಸದಿಂದಾಗಿಯೇ, 1951ರ ನ್ಯಾಯವಾದ ತೀರ್ಪಿಗೂ ಗ್ಲಿಯದ ನಿಜವಾದ ಕಾರ್ಯವು ಬೆಳಕಿಗೆ ಬರುವುದಕ್ಕೂ ನಡುವೆ ಇಪ್ಪತ್ತೈದು ಮೂವತ್ತು ವರ್ಷಗಳ ಅಂತರ ಬಿದ್ದಿತು.

ಈ ತಿಳಿವಳಿಕೆಯ ಬಹುಪಾಲು ಇಲಿಗಳಿಂದ ಬಂದುದು ನಿಜ. ಆದರೆ ಮನುಷ್ಯರಲ್ಲಿಯೂ ಗ್ಲಿಯವು ಕೆಟ್ಟರೆ ನೀರಿನ ಲೆಕ್ಕವು ಕೆಡುತ್ತದೆಂಬುದಕ್ಕೆ ಜಪಾನಿನಿಂದ ಒಂದು ಸಾಕ್ಷ್ಯ ದೊರೆತಿದೆ. ಒಕಾಜಾಕಿಯ ಮಸಹಾರು ನೋಡ ಮತ್ತು ಸಂಗಡಿಗರು, ರಕ್ತ ಮತ್ತು ಮಿದುಳುಗಳ ನಡುವಣ ತಡೆಗೋಡೆಯು ತೆರೆದಿರುವ ಒಂದೆರಡು ಎಡೆಗಳಲ್ಲಿನ ಗ್ಲಿಯ ಕೋಶಗಳು ಸೋಡಿಯಂ ಹೆಚ್ಚಿದುದನ್ನು ತಮ್ಮ ಪೊರೆಯ ಒಂದು ವಿಶೇಷ ದ್ವಾರದಿಂದ ಗುರುತಿಸಿ, ಲ್ಯಾಕ್ಟೇಟನ್ನು ಕಳುಹಿಸಿ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆಂದು 2007ರಲ್ಲಿ ತೋರಿಸಿದ್ದರು. 2010ರಲ್ಲಿ ಅವರು ವರದಿಮಾಡಿದ ರೋಗಿಯೊಬ್ಬರ ರಕ್ತದಲ್ಲಿ ಸೋಡಿಯಂ ಏರಿ ನಿಂತಿದ್ದರೂ ಬಾಯಾರಿಕೆಯೂ ಇರಲಿಲ್ಲ, ವ್ಯಾಸೊಪ್ರೆಸಿನ್ ಹೊರಡಬೇಕಾದಷ್ಟು ಹೊರಡುತ್ತಲೂ ಇರಲಿಲ್ಲ; ಪಿಟ್ಯುಟರಿಯಲ್ಲಿ ಅದಕ್ಕೆ ತಕ್ಕ ಗಾಯವಿರಲಿಲ್ಲ. ಆ ರೋಗಿಯ ದೇಹವು ಗ್ಲಿಯದ ಆ ಸೋಡಿಯಂ ದ್ವಾರದ ವಿರುದ್ಧವಾಗಿಯೇ ಪ್ರತಿಕಾಯಗಳನ್ನು ತಯಾರಿಸಿತ್ತು, ಆ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳಲ್ಲಿಯೂ ಅದೇ ವಿಕಾರವು ಕಾಣಿಸಿಕೊಂಡಿತು. ವ್ಯಾಸೊಪ್ರೆಸಿನ್ನನ್ನು ತಯಾರಿಸುವ ನರಕೋಶವು ಸುಸ್ಥಿತಿಯಲ್ಲಿದ್ದರೂ ಅದಕ್ಕೆ ಸುದ್ದಿಯನ್ನು ಮುಟ್ಟಿಸುವ ನೆರೆಯವನು ಹಾಳಾದರೆ ಇಡೀ ವ್ಯವಸ್ಥೆಯು ಕುರುಡಾಗುತ್ತದೆಂದು ಆ ವರದಿಯಿಂದ ವ್ಯಕ್ತವಾಗುವುದರಿಂದ, ದೇಹದ ನೀರು ಮತ್ತು ಉಪ್ಪಿನ ವ್ಯಾಧಿಗಳನ್ನು ವಿಚಾರಿಸುವ ವೈದ್ಯನು ಇನ್ನು ಮುಂದೆ ನರಕೋಶವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಅದರ ನೆರೆಯನ್ನೂ ಪರೀಕ್ಷಿಸಬೇಕಾಗಿದೆ.